ನಾನು ಬರೆದುಕೊಟ್ಟ ಚೀಟಿ ಅವಳು ಓದಲಿಲ್ಲ

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ಮಕ್ಕಳ ಗ್ರಾಮಸಭೆ ಬಂತೆಂದರೆ ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ. ಎದುರಿಗೆ ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಆರೋಗ್ಯ ಇಲಾಖೆಯವರು ಎಲ್ಲ ಕೂತಿರುತ್ತಾರೆ. ಮಕ್ಕಳು ತಡವರಿಸಬಾರದು ಅಂತ ಪ್ರಶ್ನೆಗಳನ್ನು ನಾನೇ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಕಾಂಪೌಂಡ್ ಬೇಕು, ಕಂಪ್ಯೂಟರ್ ಬೇಕು, ಮೈದಾನ ಸಮ ಮಾಡಿಸಿ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ವರ್ಷ ಎಂಟನೇ ಕ್ಲಾಸಿನ ಹುಡುಗಿಗೆ ಕಾಂಪೌಂಡಿನ ಚೀಟಿ ಕೊಟ್ಟಿದ್ದೆ. ಮೈಕ್ ಹಿಡಿದವಳೇ ಚೀಟಿಯನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. "ನಮ್ಮ ಟಾಯ್ಲೆಟ್‌ಗೆ ಚಿಲಕ ಇಲ್ಲ ಸರ್. ಇಬ್ಬಿಬ್ಬರು ಹೋಗ್ತೀವಿ, ಒಬ್ಬಳು ಬಾಗಿಲು ಹಿಡ್ಕೊಂಡು ನಿಂತಿರ್ತಾಳೆ. ಅದಕ್ಕೇ ನಾವು ಬೆಳಗ್ಗೆಯಿಂದ ನೀರೇ ಕುಡಿಯಲ್ಲ" ಅಂದಳು.

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಎದೆ ಧಸಕ್ ಅಂತು. ದಿನಾ ಆ ಬಾಗಿಲ ಮುಂದೆಯೇ ಓಡಾಡುತ್ತಿದ್ದೆ. ಟೀಚರ್‌ಗಳ ಟಾಯ್ಲೆಟ್ ಬೇರೆ, ಅದಕ್ಕೆ ಚಿಲಕವೂ ಇತ್ತು, ಬೀಗವೂ ಇತ್ತು. ಮಧ್ಯಾಹ್ನ ತಲೆನೋವು ಅಂತ ಡೆಸ್ಕಿನ ಮೇಲೆ ಮಲಗುತ್ತಿದ್ದ ಹುಡುಗಿಯರಿಗೆ "ತಿಂಡಿ ತಿಂದು ಬರ್ರಮ್ಮ" ಅಂತ ಬುದ್ಧಿ ಹೇಳುತ್ತಿದ್ದವಳು ನಾನು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರಲ್ಲಿ. ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತೆ ಅದರ 12ನೇ ವಿಧಿ. ತರಬೇತಿಯಲ್ಲಿ ನೋಟ್ಸ್ ಕೂಡ ಬರೆದುಕೊಂಡಿದ್ದೆ. ಶಾಲೆಗೆ ಬಂದು ಮಕ್ಕಳ ಬಾಯಿಗೆ ನನ್ನ ಮಾತು ತುಂಬಿದೆ.

ಮೂರನೇ ದಿನಕ್ಕೆ ಚಿಲಕ ಬಂತು. ಒಂದು ಚಿಲಕ, ನಾಲ್ಕು ಸ್ಕ್ರೂ. ಅಷ್ಟೇ ಕೆಲಸ.

ಆಮೇಲೆ ಚೀಟಿ ಬರೆಯುವುದನ್ನು ಬಿಟ್ಟೆ. ಸಲಹಾ ಪೆಟ್ಟಿಗೆ ಇಟ್ಟೆವು. ಹೆಸರು ಬರೆಯಬೇಡಿ ಅಂತಲೂ ಹೇಳಿದೆವು. ತಿಂಗಳಾದರೂ ಪೆಟ್ಟಿಗೆಯಲ್ಲಿ ಬಿದ್ದಿದ್ದು ಎರಡೇ ಚೀಟಿ. ಯಾಕೆ ಅಂತ ಕೇಳಿದರೆ ಒಬ್ಬ ಹುಡುಗ ಮೆಲ್ಲಗೆ ಹೇಳಿದ: "ನಮ್ಮ ಅಕ್ಷರ ನಿಮಗೆ ಗೊತ್ತಲ್ವಾ ಮೇಡಂ?" ನಿಜ. ವರ್ಷಪೂರ್ತಿ ನೋಟ್‌ಬುಕ್ ತಿದ್ದುವವಳಿಗೆ ಅಕ್ಷರ ನೋಡಿದರೆ ಮುಖವೇ ಕಂಡುಬಿಡುತ್ತೆ. ಈಗ ಪೆಟ್ಟಿಗೆಯ ಬೀಗದ ಕೈ ಶಾಲಾ ಸಂಸತ್ತಿನ ಮಕ್ಕಳ ಹತ್ತಿರ ಇದೆ. ಅವರು ಚೀಟಿಗಳನ್ನು ಓದಿ, ತಾವೇ ಒಂದು ಹಾಳೆಗೆ ಇಳಿಸಿ ತರುತ್ತಾರೆ. ಮೂಲ ಚೀಟಿ ನಮಗೆ ತೋರಿಸುವುದಿಲ್ಲ.

2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಮೊಟ್ಟೆಗೆ ವಿರೋಧ ಬಂದಾಗ, ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಅಂತ ಗಟ್ಟಿಯಾಗಿ ಮಾತಾಡಿದ ವಿಡಿಯೊ ನೀವೂ ನೋಡಿರಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ "ಯಾರೋ ಹೇಳಿಕೊಟ್ಟಿದ್ದಾರೆ" ಅಂದವರಿದ್ದರು. ಹೇಳಿಕೊಟ್ಟ ಮಾತು ಹೇಗಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಹೇಳಿಕೊಟ್ಟವಳು ನಾನು. ಅದರಲ್ಲಿ ಆ ಸಿಟ್ಟು ಇರುವುದಿಲ್ಲ. ತನ್ನ ತಟ್ಟೆಯ ಬಗ್ಗೆ ತಾನೇ ಮಾತಾಡುವಾಗ ಮಾತ್ರ ಆ ದನಿ ಬರುತ್ತೆ.

ಕೇಳಿಸಿಕೊಂಡರೆ ಅರ್ಧ ಕೆಲಸ. ಉತ್ತರ ಕೊಡದಿದ್ದರೆ ಮಕ್ಕಳು ಮುಂದಿನ ಸಲ ಬಾಯಿ ಬಿಡಲ್ಲ. ಅದಕ್ಕೆ ಒಂದು ಪುಸ್ತಕ ಇಟ್ಟಿದ್ದೇವೆ. ಎಡಗಡೆ ಅವರು ಕೇಳಿದ್ದು, ಬಲಗಡೆ ನಮ್ಮ ಉತ್ತರ, ತಾರೀಖಿನ ಸಮೇತ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ ಬರೆಯಬೇಕು. ಹೆಡ್‌ಮಾಸ್ಟರ್‌ಗೆ ಮೊದಮೊದಲು ಇದು ಇಷ್ಟವಿರಲಿಲ್ಲ. ಈಗ ಅವರೇ ಸಹಿ ಹಾಕುತ್ತಾರೆ.

ಒಂದು ಸಾಲಿನ ಬಲಗಡೆ ಇನ್ನೂ ಖಾಲಿ ಇದೆ. ನಾವು ಶಾಲೆ ಬಿಡುವುದು 4.20ಕ್ಕೆ. ಬಸ್ಸು 4.10ಕ್ಕೇ ಹೋಗಿಬಿಡುತ್ತೆ, ಮುಂದಿನದು 6 ಗಂಟೆಗೆ. ಮಕ್ಕಳೇ ಡಿಪೊಗೆ ಪತ್ರ ಬರೆದರು, ಉತ್ತರ ಬಂದಿಲ್ಲ. ಪ್ರತಿ ಶನಿವಾರ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಬಂದು "ಬಸ್ಸಿಂದು ಏನಾಯ್ತು ಮೇಡಂ?" ಅಂತ ಕೇಳುತ್ತಾರೆ. ಈ ವಾರ ಅವರನ್ನೇ ಕರೆದುಕೊಂಡು ಡಿಪೊಗೆ ಹೋಗುತ್ತಿದ್ದೇನೆ. ಅಲ್ಲಿ ಮಾತಾಡುವವರು ಅವರು.