ನಾಲ್ಕೂ ಮುಕ್ಕಾಲಿಗೆ ಜೀಪ್: ಜಗಲಿಯ ಇಂಗ್ಲಿಷ್ ತರಗತಿಯ ಐದು ತಿಂಗಳು

ಜೂನ್, ಮೊದಲ ವಾರ

ಮಡಿಕೇರಿ ಹತ್ತಿರದ ಗಾಳಿಬೀಡಿನ ನಮ್ಮ ಮನೆಯ ಜಗಲಿಯಲ್ಲಿ ಇಂಗ್ಲಿಷ್ ಮಾತಿನ ತರಗತಿ ಶುರುವಾಯಿತು. ಮಂಗಳವಾರ, ಗುರುವಾರ, ಸಂಜೆ ಆರಕ್ಕೆ. ಶುಕ್ರವಾರ ಮಡಿಕೇರಿ ಸಂತೆ, ಶನಿವಾರ ಭಾನುವಾರ ಹೋಂಸ್ಟೇ ತುಂಬ ಜನ, ಹಾಗಾಗಿ ಈ ಎರಡು ದಿನಗಳೇ ಎಲ್ಲರಿಗೂ ಒಗ್ಗಿದ್ದು. ಬಂದವರು ಎಂಟು ಜನ: ಮಾಂದಲಪಟ್ಟಿ ಬೆಟ್ಟಕ್ಕೆ ಜೀಪ್ ಓಡಿಸುವ ಇಬ್ಬರು, ಹೋಂಸ್ಟೇಗಳಲ್ಲಿ ಅಡುಗೆ ಮತ್ತು ರೂಮ್ ಕೆಲಸ ಮಾಡುವ ಐವರು ಹೆಂಗಸರು, ಮಸಾಲೆ ಅಂಗಡಿಯ ಹುಡುಗಿ ಒಬ್ಬಳು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ನನ್ನ ಶಾಲೆಯ ಮಕ್ಕಳು ರಜೆ ಅರ್ಜಿಯನ್ನು ತಪ್ಪಿಲ್ಲದೆ ಬರೆಯುತ್ತಿದ್ದರು, ಆದರೆ ಬಾಯಿ ಬಿಟ್ಟು ನಾಲ್ಕು ಮಾತಾಡಿದವರು ಕಡಿಮೆ. ಆ ಕೊರಗು ಮನಸ್ಸಿನಲ್ಲಿ ಉಳಿದಿತ್ತು.

ಮೊದಲ ದಿನ ಯಾರ್ಯಾರಿಗೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದೆ. ಅಡುಗೆಯ ಅಕ್ಕ ಬೆರಳು ಮಡಚಿದರು: ಮನೆಯಲ್ಲಿ ಅರೆಭಾಷೆ, ಧಣಿಗಳ ಮನೆಯಲ್ಲಿ ಕೊಡವ ತಕ್ಕ್, ನೆರೆಮನೆಯವರ ಜೊತೆ ತುಳು, ಮೀನಿನವರ ಹತ್ತಿರ ಮಲಯಾಳ, ಇನ್ನೆಲ್ಲ ಕಡೆ ಕನ್ನಡ. ಐದು ಬೆರಳೂ ಮುಗಿದವು. ಆಮೇಲೆ, "ಇಂಗ್ಲಿಷ್ ಮಾತ್ರ ನಮ್ಮ ತಲೆಗೆ ಹತ್ತೋದಿಲ್ಲ ಟೀಚರೇ" ಅಂದರು. ಮಲಯಾಳ ಹೇಗೆ ಹತ್ತಿತು ಎಂದೆ. "ಚೌಕಾಸಿ ಮಾಡಿ ಮಾಡಿ ಬಂತು."

ಬ್ಯಾಗಿನಲ್ಲಿದ್ದ ವ್ಯಾಕರಣದ ಹಾಳೆಗಳನ್ನು ಅಂದು ಹೊರಗೆ ತೆಗೆಯಲೇ ಇಲ್ಲ. ಮೂರು ಮಾತು ಮಾತ್ರ ಕಲಿಸಿದೆ. "ಸಾರಿ?" "ಸ್ಲೋಲಿ, ಪ್ಲೀಸ್." "ವನ್ ಮಿನಿಟ್, ಐ ವಿಲ್ ಆಸ್ಕ್." ಅರ್ಥವಾಗದಾಗ ಎದುರಿನವರನ್ನು ನಿಲ್ಲಿಸಿ ಮತ್ತೆ ಕೇಳುವುದು ಗೊತ್ತಿದ್ದರೆ ಯಾರೂ ಅತಿಥಿಗಳಿಗೆ ಹೆದರಿ ಅಡುಗೆಮನೆಯೊಳಗೆ ಹೋಗಿ ನಿಲ್ಲಬೇಕಾಗಿಲ್ಲ. ಹೊಸಬರಿಗೆ ಎ, ಬಿ, ಸಿ, ಡಿಗಿಂತ ಮೊದಲು ಬೇಕಾದದ್ದು ಇದೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಜೂನ್, ಕೊನೆಯ ವಾರ

ಮಳೆ ಹಿಡಿದರೆ ಬಿಡುವುದಿಲ್ಲ. ಎರಡು ತರಗತಿ ಕರೆಂಟಿಲ್ಲದೆ ನಡೆದವು. ಬೋರ್ಡ್ ಕಾಣದ್ದರಿಂದ ಕಿವಿಯ ಪಾಠ ಮಾಡಿದೆವು: ನಾನು ಬೆಲೆ ಹೇಳುವುದು, ಅವರು ಕನ್ನಡದಲ್ಲಿ ತಿರುಗಿ ಹೇಳುವುದು. ಫಿಫ್ಟೀನ್, ಫಿಫ್ಟಿ ಎರಡನ್ನೂ ಎಂಟು ಜನರಲ್ಲಿ ಆರು ಜನ ಒಂದೇ ಎಂದು ಕೇಳಿಸಿಕೊಂಡರು. ಫಿಫ್ಟೀನ್‌ನಲ್ಲಿ ಒತ್ತು ಕೊನೆಗೆ, ಫಿಫ್ಟಿಯಲ್ಲಿ ಮೊದಲಿಗೆ. ಕತ್ತಲಲ್ಲಿ ಒತ್ತು ಬಂದ ಕಡೆ ಮಣೆಗೆ ಕೈ ತಟ್ಟುತ್ತಾ ಹೇಳಿದಾಗ ವ್ಯತ್ಯಾಸ ತಿಳಿಯಿತು. ಮಸಾಲೆ ಅಂಗಡಿಯ ಹುಡುಗಿ ತಾನೇ ಒಂದು ಉಪಾಯ ಕಂಡುಕೊಂಡಳು: "ಫಿಫ್ಟೀನ್, ವನ್ ಫೈವ್" ಎಂದು ಅಂಕಿಯನ್ನೂ ಬಿಡಿಸಿ ಹೇಳುವುದು. ದುಡ್ಡಿನ ವಿಷಯಕ್ಕೆ ಎಲ್ಲರೂ ಈಗ ಹಾಗೇ ಹೇಳುತ್ತಾರೆ.

"ಬಸ್ಸು", "ರೂಮು", "ಯೆಗ್ಗು" ಎಂದರೆ ತಿದ್ದುವುದಿಲ್ಲ. ನಮ್ಮ ಮಾತು ಸ್ವರದಲ್ಲಿ ಮುಗಿಯುತ್ತದೆ, ಆ ಉಕಾರ ತಾನಾಗಿ ಬಂದು ಸೇರುತ್ತದೆ. ಕೇಳುವವರಿಗೆ ಅರ್ಥವಾಗುತ್ತದೆ, ಅಷ್ಟು ಸಾಕು.

ಜುಲೈ, ಎರಡನೇ ವಾರ

ರೂಮ್ ಕೆಲಸದ ಅಕ್ಕ ಮುಖ ಸಪ್ಪೆ ಮಾಡಿಕೊಂಡು ಬಂದರು. ಕರೆಂಟ್ ಹೋಗಿ ಗೀಸರ್ ನಿಂತಿತ್ತು. ಅತಿಥಿಯೊಬ್ಬರು "ಯು ಡೋಂಟ್ ಹ್ಯಾವ್ ಹಾಟ್ ವಾಟರ್?" ಎಂದು ಕೇಳಿದರು. ಅಕ್ಕ "ಯೆಸ್ ಮೇಡಂ" ಅಂದರು. ಆಕೆ ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದರು, ತಣ್ಣೀರು ಬಂತು, ಹೊರಗೆ ಬಂದು ರೇಗಿದರು. "ನಾನು ಸರಿಯಾಗೇ ಹೇಳಿದ್ದಲ್ವಾ ಟೀಚರೇ?"

ಕನ್ನಡದ ಲೆಕ್ಕದಲ್ಲಿ ಸರಿಯಾಗೇ ಹೇಳಿದ್ದಾರೆ. "ಬಿಸಿನೀರು ಇಲ್ವಾ?" ಅಂದರೆ "ಹೂಂ, ಇಲ್ಲ" ಅನ್ನುತ್ತೇವೆ. ನಮ್ಮ ಹೂಂ ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ಯೆಸ್, ನೋ ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ವಸ್ತು ಇದ್ದರೆ ಯೆಸ್, ಇಲ್ಲದಿದ್ದರೆ ನೋ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕಲಿಸಿದರೂ ಇದನ್ನು ಒಂದು ದಿನವೂ ಬಿಡಿಸಿ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಇದು ಬರುವುದಿಲ್ಲವಲ್ಲ.

ಅವತ್ತಿನ ತರಗತಿ ಪೂರ್ತಿ ಇದೇ. ಜಗಲಿಯ ಮೇಲೆ ಸಕ್ಕರೆ ಡಬ್ಬ, ಖಾಲಿ ಹಾಲಿನ ಪಾತ್ರೆ, ಕೊಡೆ ಇಟ್ಟು, "ಯು ಡೋಂಟ್ ಹ್ಯಾವ್ ಮಿಲ್ಕ್?" "ಯು ಡೋಂಟ್ ಹ್ಯಾವ್ ಎನ್ ಅಂಬ್ರೆಲಾ?" ಎಂದು ಕೇಳುತ್ತಾ ಹೋದೆ. ಬರೀ ಯೆಸ್, ಬರೀ ನೋ ಹೇಳಬಾರದು, ಹಿಂದೆ ಒಂದು ಮಾತು ಸೇರಿಸಬೇಕು ಎಂಬ ನಿಯಮ ಮಾಡಿಕೊಂಡೆವು. "ನೋ, ವಿ ಡೋಂಟ್. ನೋ ಕರೆಂಟ್." ಇಲ್ಲಿ ಕರೆಂಟ್ ಬೇಡ, ಪವರ್ ಅನ್ನಿ ಎಂದು ತಿದ್ದಿದೆ. ಹೊರಗಿನವರಿಗೆ ಆ ಪದ ಬೇಗ ತಿಳಿಯುತ್ತದೆ.

ಜುಲೈ ಕೊನೆ

ಹಿರಿಯ ಡ್ರೈವರ್ ಯಾರಿಗೂ "ಯು" ಅನ್ನುವುದಿಲ್ಲ. "ಸರ್ ವಾಂಟ್ ಟೀ?" "ಮೇಡಂ ಕಮ್ಮಿಂಗ್?" ಎಂದು ಸುತ್ತಿ ಹೋಗುತ್ತಾರೆ. ದೊಡ್ಡವರನ್ನು ಯು ಅಂದರೆ ನೀನು ಅಂದ ಹಾಗಾಗುತ್ತದೆ ಎಂಬ ಅಳುಕು ಅವರಿಗೆ. ನಮ್ಮಲ್ಲಿ ಗೌರವ ಬನ್ನಿ, ಕೂತ್ಕೊಳ್ಳಿ ಎಂಬ ಕ್ರಿಯಾಪದದ ತುದಿಯಲ್ಲೇ ಇದೆ. ಇಂಗ್ಲಿಷಿನಲ್ಲಿ ಅದು ವಾಕ್ಯದ ಮುಂಭಾಗಕ್ಕೆ ಹೋಗುತ್ತದೆ. "ವುಡ್ ಯು ಲೈಕ್ ಟೀ, ಸರ್?" ಎಂಬುದನ್ನು ಬಿಡಿಸದೆ ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ, ಇದರಲ್ಲಿ ನೀವು ಎಂಬ ಮರ್ಯಾದೆ ಇದೆ ಎಂದೆ. ಹತ್ತು ಸಲ ಹೇಳಿ ನೋಡಿದರು. ಅವರ ಭುಜ ಸಡಿಲವಾದದ್ದು ನನಗೆ ಕಾಣಿಸಿತು.

ಆಗಸ್ಟ್ ಮೊದಲ ವಾರ

ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪು ಎಂಬ ಗಿಡದ ಎಲೆಗೆ ಅಂದು ಹದಿನೆಂಟು ಔಷಧಿಗಳ ಗುಣ ಕೂಡುತ್ತದೆ ಎಂಬ ನಂಬಿಕೆ. ಅಡುಗೆಯ ಅಕ್ಕ ಆ ಸೊಪ್ಪಿನ ಪಾಯಸ ಮಾಡಿ ಪಾತ್ರೆಯನ್ನೇ ತರಗತಿಗೆ ತಂದರು. ಕಡು ನೇರಳೆ ಬಣ್ಣ. ಇದನ್ನು ಕಂಡರೆ ಅತಿಥಿಗಳು ಏನು ಕೇಳುತ್ತಾರೋ ಅದನ್ನೇ ಕೇಳಿ ಎಂದು ಉಳಿದವರಿಗೆ ಹೇಳಿದೆ.

"ವಾಟ್ ಈಸ್ ದಿಸ್?" "ದಿಸ್ ಈಸ್ ಪಾಯಸ. ಮೆಡಿಸಿನ್ ಲೀಫ್." "ಕಲರ್ ಪೌಡರ್?" "ನೋ ಪೌಡರ್. ಲೀಫ್ ಕಲರ್. ಲೀಫ್ ಬಾಯ್ಲ್, ವಾಟರ್ ಪರ್ಪಲ್. ರೈಸ್, ಜ್ಯಾಗರಿ, ಕೋಕೋನಟ್. ವನ್ ಡೇ, ವನ್ ಇಯರ್." ಮೂತ್ರದ ಬಣ್ಣವೂ ಬದಲಾಗುತ್ತದೆ, ಹೆದರಬೇಡಿ ಎಂಬುದನ್ನು ಹೇಳಲು ಪದ ಸಿಗದೆ "ಬಾತ್‌ರೂಮ್ ಆಲ್ಸೋ ಕಲರ್, ನೋ ಫಿಯರ್" ಅಂದರು. ಇಂಥದ್ದನ್ನು ಅತಿಥಿಗೆ ಮೊದಲೇ ತಿಳಿಸಲೇಬೇಕು, ಅವರು ತಿಳಿಸಿದರು. ವ್ಯಾಕರಣ ಹುಡುಕಿದರೆ ಒಂದು ವಾಕ್ಯವೂ ಪೂರ್ತಿ ಇಲ್ಲ. ಆದರೂ ಎರಡು ನಿಮಿಷ, ಬೇರೆಯವರ ಪ್ರಶ್ನೆಗೆ ತನ್ನ ಉತ್ತರ. ಜೂನ್‌ನಲ್ಲಿ ತಲೆಗೆ ಹತ್ತೋದಿಲ್ಲ ಅಂದಿದ್ದವರು ಇವರೇ.

ಮುಂದಿನ ಗುರುವಾರ "ಯು ಬಾಯ್ಲ್ ದ ಲೀವ್ಸ್. ದ ವಾಟರ್ ಬಿಕಮ್ಸ್ ಪರ್ಪಲ್" ಎಂದು ಅವರ ಮಾತನ್ನೇ ತುಂಬಿಸಿ ಕೊಟ್ಟೆ. ಹೇಳಬೇಕಾದ್ದು ಮೊದಲು ಬಂದರೆ ವಾಕ್ಯ ಅದರ ಮೇಲೆ ಕೂರುತ್ತದೆ.

ಸೆಪ್ಟೆಂಬರ್

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಒಂದು ವಾರ ರಜೆ. ಆಮೇಲೆ ಬಸ್ಸಿನ ಆಟ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ವ್ಯಾಕರಣ ಕಲಿಸದೆ, ರೈಲಿನ ವೇಳಾಪಟ್ಟಿಯಂಥ ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಮಕ್ಕಳಿಗೆ ಕೊಡುತ್ತಿದ್ದರು. ಗಮನ ಉತ್ತರದ ಮೇಲಿದ್ದಾಗ ಭಾಷೆ ಕೂಡಿಕೊಂಡು ಬರುತ್ತದೆ ಎಂಬುದು ಅವರ ವಾದ. ಕೊಡಗಿನಲ್ಲಿ ರೈಲೇ ಇಲ್ಲ, ಹಾಗಾಗಿ ಮಡಿಕೇರಿ ಬಸ್ ನಿಲ್ದಾಣದಲ್ಲಿ ನಿಂತು ಸಮಯ ಬರೆದುಕೊಂಡು ಬಂದೆ. ಅರ್ಧ ಜನರ ಕೈಯಲ್ಲಿ ಮೈಸೂರಿಗೆ ಹೋಗುವ ಬಸ್ಸು, ಉಳಿದರ್ಧದವರ ಕೈಯಲ್ಲಿ ಮೈಸೂರಿನಿಂದ ಮುಂದಿನ ರೈಲು. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ಅತಿಥಿ ರಾತ್ರಿ ರೈಲು ಹಿಡಿಯಬೇಕಾದರೆ ಯಾವ ಬಸ್ಸಿಗೆ ಹೊರಡಬೇಕು? ಎಲ್ಲರೂ ಒಟ್ಟಿಗೆ ಕೂಗಾಡಿದರು, ಇಂಗ್ಲಿಷಿನಲ್ಲೇ.

ಈ ಆಟದಲ್ಲೇ ನನ್ನಿಂದ ಒಂದು ತಪ್ಪಾಗಿತ್ತು. ಗಡಿಯಾರ ಬರೆದು "ಹಾಫ್ ಪಾಸ್ಟ್", "ಕ್ವಾರ್ಟರ್ ಟು" ಕಲಿಸಿದ್ದೆ. ಕಿರಿಯ ಡ್ರೈವರ್ ಸೂರ್ಯೋದಯದ ಟ್ರಿಪ್ಪಿಗೆ ನಾಲ್ಕೂ ಮುಕ್ಕಾಲಿಗೆ ಬರಬೇಕಿತ್ತು. ಅತಿಥಿಗಳಿಗೆ "ಕ್ವಾರ್ಟರ್ ಟು ಫೋರ್" ಅಂದಿದ್ದಾನೆ. ಮೂರೂ ಮುಕ್ಕಾಲಿಗೆ ಚಿಕ್ಕ ಮಕ್ಕಳನ್ನು ಎಬ್ಬಿಸಿಕೊಂಡು ಅವರು ಮಂಜಿನಲ್ಲಿ ಗೇಟಿನ ಹತ್ತಿರ ಒಂದು ಗಂಟೆ ನಿಂತರು. ಹುಡುಗ ನೊಂದುಕೊಂಡ. ಮುಕ್ಕಾಲು ಎಂದಾಗ ನಾವು ಕಳೆದ ಗಂಟೆಯ ಹೆಸರು ಹೇಳುತ್ತೇವೆ, ಕ್ವಾರ್ಟರ್ ಟು ಎಂದಾಗ ಅವರು ಬರುವ ಗಂಟೆಯ ಹೆಸರು ಹೇಳುತ್ತಾರೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಅವನ ಮುಂದೆಯೇ ತಪ್ಪು ನನ್ನದು ಎಂದು ಹೇಳಿ, ಬೋರ್ಡಿನಿಂದ ಕ್ವಾರ್ಟರ್ ಎಂಬ ಪದವನ್ನೇ ಅಳಿಸಿದೆ. ಈಗ "ಫೋರ್ ಫಾರ್ಟಿಫೈವ್", ಕೂಡಲೇ ಫೋನಿನಲ್ಲಿ ಅಂಕಿ ಟೈಪ್ ಮಾಡಿ ತೋರಿಸುವುದು.

ಅಕ್ಟೋಬರ್, ದಸರಾ ಮುಗಿದ ಮೇಲೆ

ಸೀಸನ್ ಶುರು, ಹಾಜರಿ ಐದಕ್ಕೆ ಇಳಿದಿದೆ. ಬರಲಾಗದವರು ವಾಟ್ಸಾಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಕಳಿಸುತ್ತಾರೆ, ಆ ದಿನ ಅತಿಥಿ ಕೇಳಿದ ಒಂದು ಪ್ರಶ್ನೆ, ತಾವು ಕೊಟ್ಟ ಉತ್ತರ. ಕಿರಿಯ ಡ್ರೈವರ್ ನಿನ್ನೆ ಕಳಿಸಿದ್ದು: "ಟುಮಾರೋ ಫೋರ್ ಫಾರ್ಟಿಫೈವ್. ಫೋರ್, ಫೋರ್, ಫೈವ್. ವೆರಿ ಕೋಲ್ಡ್, ಪ್ಲೀಸ್ ಬ್ರಿಂಗ್ ಸ್ವೆಟರ್." ಹಿಂದೆ ಜೀಪಿನ ಇಂಜಿನ್ ಸದ್ದು.

ಇನ್ನು ಫೋನ್ ಪಾಠ. ಮುಖ ಕಾಣದಾಗ, ಕೈಸನ್ನೆ ಇಲ್ಲದಾಗ ಎಲ್ಲರೂ ಮೂಕರಾಗುತ್ತಾರೆ. ಮಂಗಳವಾರ ಒಬ್ಬರು ನಮ್ಮ ಅಡುಗೆಮನೆಯಲ್ಲಿ, ಇನ್ನೊಬ್ಬರು ಕಾಫಿ ಕಣದ ಆಚೆ ಹಲಸಿನ ಮರದ ಕೆಳಗೆ ನಿಲ್ಲಬೇಕು. ನೆಟ್‌ವರ್ಕ್ ಅಲ್ಲಿ ಸರಿಯಾಗಿ ಸಿಗುತ್ತದೆ. ರೂಮ್ ಬುಕಿಂಗ್ ಕೇಳುವವರ ಪಾತ್ರ ಹಿರಿಯ ಡ್ರೈವರ್‌ದು, ಉತ್ತರಿಸುವುದು ಅಡುಗೆಯ ಅಕ್ಕ.