ಜಿ.ಎಂ. ಕೌಂಟರಿನ ಕಳ್ಳ ಲೆಕ್ಕ

ಎಂ.ಎಸ್ಸಿ. ಮೊದಲ ವರ್ಷ. ಲ್ಯಾಬಿನ ಮೂಲೆಯಲ್ಲಿ ಜಿ.ಎಂ. (ಗೈಗರ್-ಮುಲ್ಲರ್) ಕೌಂಟರ್. ಪರಮಾಣುವಿನ ತಿರುಳಾದ ನ್ಯೂಕ್ಲಿಯಸ್ ಬಿಡುವ ವಿಕಿರಣವನ್ನು ಎಣಿಸುವ ಯಂತ್ರ. ನಿಮಿಷಕ್ಕೆ ಎಷ್ಟು ಕೌಂಟ್ ಅಂತ ಇಪ್ಪತ್ತು ಸಲ ಬರೆಯಬೇಕು. ನನಗೆ 412 ಬಂತು, ಆಮೇಲೆ 377, ಆಮೇಲೆ 431. ಏನೋ ಎಡವಟ್ಟಾಗಿದೆ ಅಂದುಕೊಂಡೆ. ಬಸ್ಸಿಗೂ ಹೊತ್ತಾಗಿತ್ತು. ಹಾಳೆ ಬದಲಿಸಿ 398, 401, 400, 402 ಅಂತ ಇಪ್ಪತ್ತನ್ನೂ ಮುದ್ದಾಗಿ ಬರೆದುಕೊಟ್ಟೆ.

ಮೇಷ್ಟ್ರು ನೋಡಿ ನಕ್ಕರು. "400ರ ವರ್ಗಮೂಲ ಎಷ್ಟಯ್ಯಾ?"

"ಇಪ್ಪತ್ತು ಸಾರ್."

"ಇಂಥ ಕೌಂಟು ಸುಮಾರು ಅದರ ವರ್ಗಮೂಲದಷ್ಟು ಏರುಪೇರಾಗುತ್ತೆ. ಹಾಗಾದ್ರೆ ಇಪ್ಪತ್ತರಷ್ಟು ಆಚೀಚೆ ಅಲ್ಲಾಡ್ಬೇಕು. ಇದು ಅಲ್ಲಾಡ್ತಾನೇ ಇಲ್ಲ. ನ್ಯೂಕ್ಲಿಯಸ್ ಕೊಟ್ಟ ಲೆಕ್ಕ ಅಲ್ಲ ಇದು, ನಿಂದು."

ಇಪ್ಪತ್ತನ್ನೂ ಮತ್ತೆ ತೆಗೆಸಿದರು. ಬಸ್ಸು ಹೋಯಿತು.

ಮುಂದೆ ಪಿಎಚ್.ಡಿ.ಗೆ ಸೇರಿದ್ದು ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಸೈಕ್ಲೋಟ್ರಾನ್ ಲ್ಯಾಬಿಗೆ. ಸೈಕ್ಲೋಟ್ರಾನ್ ಅಂದರೆ ಪ್ರೋಟಾನಿನಂಥ ಕಣಗಳಿಗೆ ವೇಗ ಕೊಡುವ ಯಂತ್ರ. ಅಲ್ಲಿನ ಕೆಲಸವೇ ಈ ಅಲ್ಲಾಟ, ಈ ಸರಾಸರಿ. ನ್ಯೂಕ್ಲಿಯಸ್‌ಗೆ ಶಕ್ತಿ ಕೊಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲುಗಳನ್ನು ಬೆರಳಲ್ಲಿ ಎಣಿಸಬಹುದು. ಮೇಲೆ ಹೋದಂತೆ ಒತ್ತೊತ್ತಾಗುತ್ತವೆ. ಭಾರದ ನ್ಯೂಕ್ಲಿಯಸ್‌ಗಳಲ್ಲಿ 8 ಎಂಇವಿ (ನ್ಯೂಕ್ಲಿಯಸ್‌ನ ಶಕ್ತಿ ಅಳೆಯುವ ಮಾನ) ಹತ್ತಿರ, ಒಂದೇ ಎಂಇವಿ ಅಂತರದಲ್ಲಿ ಲಕ್ಷಗಟ್ಟಲೆ. ರಾಗಿ ಕಾಳನ್ನು ಯಾರು ಎಣಿಸುತ್ತಾರೆ? ಸೇರಿನಲ್ಲಿ ಅಳೆಯುತ್ತೇವೆ, ಅಲ್ವಾ? ನಮ್ಮ ಸೇರು ಎರಡು. ಮೆಟ್ಟಿಲು ಎಷ್ಟು ದಟ್ಟ ಅನ್ನುವ ಲೆವೆಲ್ ಡೆನ್ಸಿಟಿ ಒಂದು. ಗಾಮಾ ಕಿರಣವನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವ ಗಾಮಾ ಸ್ಟ್ರೆಂತ್ ಇನ್ನೊಂದು. ಪರೀಕ್ಷಿಸಬೇಕಾದ ಧಾತುವಿನ ತೆಳು ಹಾಳೆಗೆ ಪ್ರೋಟಾನ್ ಹೊಡೆಯುತ್ತೇವೆ. ಸಿಲಿಕಾನ್ ಡಿಟೆಕ್ಟರು ಹೊರಬಂದ ಕಣವನ್ನು ಅಳೆದು, ಒಳಗೆ ಎಷ್ಟು ಶಕ್ತಿ ಉಳಿಯಿತೆಂದು ಹೇಳುತ್ತದೆ. ಸುತ್ತ ಇರುವ 30 ಲ್ಯಾಂಥನಂ ಬ್ರೋಮೈಡ್ ಡಿಟೆಕ್ಟರುಗಳು ಗಾಮಾ ಹಿಡಿಯುತ್ತವೆ. ಎರಡು ಸೇರನ್ನೂ ಒಂದೇ ಪ್ರಯೋಗದಿಂದ ಪಡೆಯುವ ಈ ದಾರಿಗೆ ಓಸ್ಲೋ ಮೆಥಡ್ ಅಂತಲೇ ಹೆಸರು.

ನಕ್ಷತ್ರಕ್ಕೂ ಇದಕ್ಕೂ ಏನು ನಂಟು ಅಂತ ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ಕಬ್ಬಿಣಕ್ಕಿಂತ ಭಾರದ ಧಾತುಗಳು, ನಮ್ಮ ಹಟ್ಟಿಯ ಚಿನ್ನವೂ ಸೇರಿ, ಹೆಚ್ಚಾಗಿ ಹುಟ್ಟಿದ್ದು ನ್ಯೂಟ್ರಾನ್ ನುಂಗಿ. ನುಂಗಿದ ಮೇಲೆ ಗಾಮಾ ಬಿಟ್ಟು ತಣ್ಣಗಾದರೆ ದಕ್ಕಿತು, ಇಲ್ಲದಿದ್ದರೆ ಉಗುಳಿಬಿಡುತ್ತದೆ. ದಕ್ಕುವುದು ಎಷ್ಟು ಸಲ ಅನ್ನುವುದನ್ನು ಲೆಕ್ಕ ಹಾಕಲು ಆ ಎರಡು ಸೇರು ಬೇಕೇಬೇಕು. ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದಾಗ ಹುಟ್ಟುವ ನ್ಯೂಕ್ಲಿಯಸ್‌ಗಳು ಕ್ಷಣದಲ್ಲಿ ಕರಗಿಹೋಗುತ್ತವೆ, ಹಿಡಿದು ಹಾಳೆ ಮಾಡಲಾಗುವುದಿಲ್ಲ. ಅವಕ್ಕಂತೂ ಲೆಕ್ಕವೇ ಗತಿ.

ನನಗೆ ತುಂಬ ಇಷ್ಟದ ಕಥೆ 2004ರದ್ದು. ಕಬ್ಬಿಣದ ನ್ಯೂಕ್ಲಿಯಸ್‌ನಲ್ಲಿ ಗಾಮಾ ಕಿರಣದ ಶಕ್ತಿ ಕಡಿಮೆಯಾದಂತೆ ಗಾಮಾ ಸ್ಟ್ರೆಂತ್ ಇಳಿಯಬೇಕಿತ್ತು. ಓಸ್ಲೋದವರ ಗ್ರಾಫಿನಲ್ಲಿ ಅದು ತುದಿಯಲ್ಲಿ ಮೇಲಕ್ಕೆದ್ದಿತು. ಹಳೆಯ ನಾನಾಗಿದ್ದರೆ ಆ ಬಾಲವನ್ನು ಸುಮ್ನೆ ಸವರಿ ನೇರ ಮಾಡಿಬಿಡುತ್ತಿದ್ದೆ! ಅವರು ಹಾಗೇ ಪ್ರಕಟಿಸಿದರು. 2012ರಲ್ಲಿ ಬೇರೊಂದು ವಿಧಾನದಲ್ಲೂ ಮಾಲಿಬ್ಡಿನಂ-95ರಲ್ಲಿ ಅಂಥದೇ ಬಾಲ ಕಂಡಿತು. ನ್ಯೂಟ್ರಾನ್ ಜಾಸ್ತಿ ತುಂಬಿದ ನ್ಯೂಕ್ಲಿಯಸ್‌ಗಳಲ್ಲೂ ಅದು ಇದ್ದರೆ ನ್ಯೂಟ್ರಾನ್ ನುಂಗುವ ವೇಗ ಹತ್ತು, ನೂರು ಪಟ್ಟು ಏರಬಹುದು ಅನ್ನುತ್ತದೆ ಲೆಕ್ಕ.

ನನ್ನ ಮೊದಲ ಗ್ರಾಫನ್ನು, ಒಂದೊಂದು ಬಿಂದುವೂ ಎಷ್ಟು ಅಲ್ಲಾಡಬಹುದು ಅಂತ ತೋರಿಸುವ ಎರರ್ ಬಾರ್ ಸಮೇತ, ನಿವೃತ್ತರಾಗಿದ್ದ ಮೇಷ್ಟ್ರಿಗೆ ಕಳಿಸಿದ್ದೆ. ಹೊಗಳುತ್ತಾರೆ ಅಂತ ಕಾದೆ. ಮೂರು ದಿನಕ್ಕೆ ಉತ್ತರ ಬಂತು. "ಎರರ್ ಬಾರ್ ತೀರಾ ಚಿಕ್ಕದಾಯ್ತು. ಅವತ್ತೂ ಬಸ್ಸಿಗೆ ಹೊತ್ತಾಗಿತ್ತೇನಯ್ಯಾ?"

ಮತ್ತೆ ಲೆಕ್ಕ ಹಾಕಿದೆ. ಚಿಕ್ಕದೇ ಆಗಿತ್ತು.