ಸ್ವಾಸ್ತ್ಯದ ಪಾಠಕ್ಕೆ ಯಾವ ಆಟ ಆಡಿಸ್ತೀರಿ, ಟೀಚರ್?

ಬೇರೆ ಊರುಗಳ ಸಂಡೇ ಸ್ಕೂಲ್ ಟೀಚರ್‌ಗಳು ಸಿಕ್ಕಾಗೆಲ್ಲ ನನ್ನನ್ನು ಕೇಳುವುದು ಇದನ್ನೇ. "ಸ್ವಾಸ್ತ್ಯದ ಪಾಠಕ್ಕೆ ಯಾವ ಆಟ ಆಡಿಸ್ತೀರಿ? ಗೆದ್ದವರಿಗೆ ಏನು ಕೊಡ್ತೀರಿ?" ಸ್ವಾಸ್ತ್ಯ ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಪಾಲು, ಬೈಬಲ್‌ನಲ್ಲಿ ಬರುವ ಪದ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ. ಏನೂ ಕೊಡುವುದಿಲ್ಲ. ಈ ಪಾಠದ ಆಟದಲ್ಲಿ ಗೆಲ್ಲುವವರು, ಸೋಲುವವರು ಇರಲೇಬಾರದು.

ಇದನ್ನು ನನಗೆ ಕಲಿಸಿದ್ದು ಒಂದು ಮಗು. ಮೊದಲ ವರ್ಷ ಬೇಸಿಗೆ ರಜೆಯ ವಿ.ಬಿ.ಎಸ್.ನಲ್ಲಿ (ರಜೆಯ ಬೈಬಲ್ ಶಾಲೆಯಲ್ಲಿ) ನಿಧಿ ಹುಡುಕುವ ಆಟ ಇಟ್ಟಿದ್ದೆ. ಚರ್ಚ್ ಅಂಗಳದಲ್ಲಿ ಒಂದು ಡಬ್ಬಿ ಬಚ್ಚಿಟ್ಟು, "ಯಾರಿಗೆ ಸಿಗುತ್ತೋ ಅವರಿಗೆ ಸ್ವಾಸ್ತ್ಯ" ಅಂದೆ. ಮಕ್ಕಳು ಓಡಿದರು. ಕಾಲು ಉಳುಕಿದ್ದ ಒಬ್ಬಳು ಹುಡುಗಿ ಮಾತ್ರ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಮೆಲ್ಲಗೆ ಕೇಳಿದಳು, "ಟೀಚರ್, ಓಡ್ಲಿಕ್ಕೆ ಆಗದಿದ್ರೆ ಅಪ್ಪನ ಮನೆ ಸಿಗುವುದಿಲ್ವಾ?" ನಾನು ಕಲಿಸಬೇಕಿದ್ದ ಪಾಠಕ್ಕೆ ಪೂರ್ತಿ ಉಲ್ಟಾ ಪಾಠ ಕಲಿಸಿಬಿಟ್ಟಿದ್ದೆ. ಓಡಿ ಗೆದ್ದರೆ ಅದು ಬಹುಮಾನ. ಸ್ವಾಸ್ತ್ಯ ಸಿಗುವುದು ಆ ಮನೆಯ ಮಗು ಅನ್ನುವ ಒಂದೇ ಕಾರಣಕ್ಕೆ. ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಹೇಳುವುದೂ ಅದನ್ನೇ, ಮಕ್ಕಳಾಗಿದ್ದರೆ ಬಾಧ್ಯರೂ, ಅಂದರೆ ಪಾಲಿಗೆ ಹಕ್ಕುದಾರರೂ, ಹೌದು ಅಂತ.

ಆಟಕ್ಕೆ ಮುಂಚೆ ಪದವನ್ನು ಬಿಡಿಸಿ ಹೇಳಬೇಕು. ಮಕ್ಕಳಿಗೆ ಅದು 'ಸ್ವಾಸ್ಥ್ಯ' ಅಂತಲೇ ಕೇಳಿಸುತ್ತದೆ. ಆರೋಗ್ಯದ ಬಗ್ಗೆ ಪಾಠ ಅಂದುಕೊಳ್ತಾರೆ! "ಅಪ್ಪ ಅಮ್ಮನಿಂದ ನಿನಗೆ ಬರುವ ಪಾಲು" ಅಂದರೆ ಸಾಕು.

ನನಗೆ ತುಂಬಾ ಇಷ್ಟವಾದದ್ದು ಚೀಟಿ ಆಟ. ಕಾನಾನ್ ದೇಶವನ್ನು ಇಸ್ರಾಯೇಲ್ಯರ ಕುಲಗಳಿಗೆ ಹಂಚಿದ್ದು ಚೀಟು ಹಾಕಿ. ಬೈಬಲ್‌ನ ಯೆಹೋಶುವನ ಪುಸ್ತಕದಲ್ಲಿ ಆ ಕಥೆ ಇದೆ. ಹಾಲ್‌ನ ನೆಲದ ಮೇಲೆ ಚಾಕ್‌ನಲ್ಲಿ ದೇಶದ ನಕ್ಷೆ ಬರೆಯುತ್ತೇನೆ. ನಡುವೆ ಒಂದು ನೀಲಿ ದುಪಟ್ಟಾ ಉದ್ದಕ್ಕೆ ಹಾಸಿದರೆ ಯೊರ್ದನ್ ನದಿ. ನಮ್ಮಲ್ಲಿ ಮೂವತ್ತು ಮಕ್ಕಳು, ಕುಲಕ್ಕೆ ಇಬ್ಬರೋ ಮೂವರೋ ಆಗುತ್ತಾರೆ. ಮೊದಲ ಚೀಟಿಯಲ್ಲಿ ಕುಲದ ಹೆಸರು. ರೂಬೇನ್, ಗಾದ್ ಬಂದವರು ನೇರ ದುಪಟ್ಟಾದ ಪೂರ್ವಕ್ಕೆ ಹೋಗಿ ಕೂರಬೇಕು. ದನಕರುಗಳಿಗೆ ಒಳ್ಳೆಯ ಹುಲ್ಲುಗಾವಲು ಅಂತ ಅವರೇ ಆ ಕಡೆಯ ಜಾಗ ಕೇಳಿ ಪಡೆದಿದ್ದರು. ಮನಸ್ಸೆ ಕುಲಕ್ಕೆ ನದಿಯ ಎರಡೂ ಕಡೆ ಪಾಲಿತ್ತು, ಹಾಗಾಗಿ ಮನಸ್ಸೆ ಬಂದವರು ಆಚೆಗೊಬ್ಬರು, ಈಚೆಗೊಬ್ಬರು. ಒಮ್ಮೆ ಅಕ್ಕ ತಂಗಿಗೇ ಮನಸ್ಸೆ ಬಂದಿತ್ತು. ಆಟ ಮುಗಿಯುವ ತನಕ ದುಪಟ್ಟಾದ ಮೇಲಿಂದಲೇ ಕೈ ಹಿಡಿದುಕೊಂಡಿದ್ದರು.

ಉಳಿದವರು ಜಾಗಕ್ಕೆ ಎರಡನೇ ಚೀಟಿ ಎತ್ತುತ್ತಾರೆ. ಜನ ಜಾಸ್ತಿ ಇದ್ದ ಕುಲಕ್ಕೆ ಜಾಗವೂ ಜಾಸ್ತಿ ಅಂತ ಬೈಬಲ್‌ನ ಅರಣ್ಯಕಾಂಡ ಹೇಳುತ್ತದೆ. ಹಾಗಾಗಿ ಮೂವರಿಗೆ ಜಾಗ ಸಾಲದಿದ್ದರೆ ಗೆರೆ ಅಳಿಸಿ ದೊಡ್ಡದು ಮಾಡುತ್ತೇವೆ. ಗೆರೆ ಅಳಿಸಲು ಪಕ್ಕದ ಮಕ್ಕಳೇ ಮುಂದೆ ಬರುತ್ತಾರೆ.

ದೇವರ ಸೇವೆಯ ಕುಲವಾದ ಲೇವಿ ಬಂದವರಿಗೆ ಮಾತ್ರ ಎರಡನೇ ಚೀಟಿಯೇ ಇಲ್ಲ. ಆ ಹೊತ್ತಿಗೆ ಆ ಮಕ್ಕಳ ಮುಖ ನೋಡಬೇಕು. "ನಮಗೆ ಎಲ್ಲಿ, ಟೀಚರ್?" ಆಗ ಹೇಳ್ತೇನೆ, ದೇವರೇ ಅವರ ಸ್ವಾಸ್ತ್ಯ, ಆದರೆ ಇರಲಿಕ್ಕೆ ಮನೆ ಬೇಕಲ್ವಾ? ಅದಕ್ಕೆ ಉಳಿದ ಕುಲಗಳೆಲ್ಲ ಸೇರಿ 48 ಊರುಗಳನ್ನು ಬಿಟ್ಟುಕೊಟ್ಟವು. ನಮ್ಮ ಆಟದಲ್ಲಿ ಊರು ಅಂದರೆ ಹುಣಸೆ ಬೀಜ. ಯೆಹೂದ ಮತ್ತು ಸಿಮೆಯೋನ್ ಸೇರಿ ಒಂಬತ್ತು, ನಫ್ತಾಲಿ ಮೂರು, ಮನಸ್ಸೆ ಆಚೆಯಿಂದ ಎರಡು ಈಚೆಯಿಂದ ಎರಡು, ಉಳಿದವರು ನಾಲ್ಕು ನಾಲ್ಕು. ಬೀಜಗಳು ಲೇವಿ ಮಕ್ಕಳ ಮಡಿಲಿಗೆ ಬಂದು ಬೀಳುತ್ತವೆ. ಅವರು ಜೋರಾಗಿ ಎಣಿಸುತ್ತಾರೆ. ನಲವತ್ತೆಂಟು ಆಗುವಾಗ ಇಡೀ ಹಾಲ್ ಎಣಿಸುತ್ತಿರುತ್ತದೆ.

ಎರಡನೆಯದು ಐದು ಹೆಣ್ಣುಮಕ್ಕಳ ಆಟ. ಮನಸ್ಸೆ ಕುಲದ ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಅಂತ ಐವರು ಹೆಣ್ಣುಮಕ್ಕಳು. ಗಂಡುಮಗ ಇಲ್ಲ ಅಂತ ನಮ್ಮ ಅಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೂ ಪಾಲು ಕೊಡಿ ಅಂತ ಅವರು ಎಲ್ಲರೆದುರು ನಾಯಕ ಮೋಶೆಯನ್ನು ಕೇಳಿದರು. ನಾನು ಮೋಶೆ. ಐವರು ಕೈ ಕೈ ಹಿಡಿದು ಬಂದು ಸ್ವಂತ ಮಾತಿನಲ್ಲಿ ಕೇಳಬೇಕು. ನಾನು ತಕ್ಷಣ ಉತ್ತರ ಕೊಡುವ ಹಾಗಿಲ್ಲ. "ತಡೀರಿ ಮಕ್ಕಳೇ, ದೇವರನ್ನು ಕೇಳಿ ಬರ್ತೇನೆ" ಅಂತ ಹೊರಗೆ ಹೋಗಿ ಬರಬೇಕು, ಮೋಶೆ ಮಾಡಿದ್ದೂ ಅದೇ. ಅವರು ಕೇಳಿದ್ದು ಸರಿ ಅಂತ ದೇವರು ಹೇಳಿದ. ಆಸ್ತಿ ತಾಯಿಯ ಕಡೆಯಿಂದ ಬರುವ ಅಳಿಯಕಟ್ಟು ಪದ್ಧತಿ ಇದ್ದ ತುಳುನಾಡಿನ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ದೊಡ್ಡ ಹುಡುಗಿಯರಿಗೆ ಇನ್ನೊಂದು ವಿಷಯವನ್ನೂ ಹೇಳಿಯೇ ಕಳಿಸುತ್ತೇನೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆದಿಡದಿದ್ದರೆ ಮಗನಿಗೂ ಮಗಳಿಗೂ ಸಮಪಾಲು.

ಏಸಾವನ ಆಟವನ್ನು ತುಂಬಾ ಜನ ಆಡಿಸುತ್ತಾರೆ. ಹಸಿದ ಏಸಾವ ಒಂದು ಹೊತ್ತಿನ ಊಟಕ್ಕೆ ಚೊಚ್ಚಲತನದ ಹಕ್ಕನ್ನೇ, ಅಂದರೆ ಹಿರಿಮಗನಿಗೆ ಬರುವ ಪಾಲಿನ ಹಕ್ಕನ್ನೇ, ತಮ್ಮನಿಗೆ ಮಾರಿದ ಕಥೆ. ಪ್ರತಿ ಮಗುವಿನ ಕೈಯಲ್ಲಿ ಅದರ ಹೆಸರು ಬರೆದ ಒಂದು ಕವರ್, ಅದೇ ಅದರ ಪಾಲು. ಎದುರಿಗೆ ಬಿಸಿ ಗೋಳಿಬಜೆ. ಕವರ್ ಕೊಟ್ಟರೆ ಮಾತ್ರ ತಿಂಡಿ. ನಾನೂ ಹಾಗೇ ಆಡಿಸುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದಿದ್ದ ಹುಡುಗನೊಬ್ಬ ಮೊದಲು ಕವರ್ ಕೊಟ್ಟ. ಉಳಿದವರು "ಏಸಾವ, ಏಸಾವ" ಅಂತ ಕೂಗಿದರು. ಅವನ ಕಣ್ಣಲ್ಲಿ ನೀರು. ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ದಯವಿಟ್ಟು ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿ ಈ ಆಟ ಆಡಿಸಬೇಡಿ.

ಈಗ ಎಲ್ಲರೂ ಮೊದಲು ತಿನ್ನುತ್ತಾರೆ, ಹೊಟ್ಟೆ ತುಂಬಾ. ಆಮೇಲೆ ಕೇಳ್ತೇನೆ, "ಇನ್ನೊಂದು ಗೋಳಿಬಜೆಗೆ ಕವರ್ ಕೊಡ್ತೀರಾ?" ಯಾರೂ ಕೊಡುವುದಿಲ್ಲ. "ತಿನ್ನುವ ಮೊದಲು ಕೇಳಿದ್ದರೆ?" ಆಗ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಏಸಾವನನ್ನು ಬೈಯುವವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಮೂರನ್ನೂ ಒಂದೇ ದಿನ ಹಾಕಿಕೊಳ್ಳಬೇಡಿ. ಚೀಟಿ ಆಟಕ್ಕೇ ಒಂದು ಗಂಟೆ ಬೇಕು. ಹುಣಸೆ ಬೀಜ ಅರುವತ್ತಾದರೂ ಇಟ್ಟುಕೊಳ್ಳಿ, ಬೆಂಚಿನ ಅಡಿಗೆ ಉರುಳಿ ಹೋದರೆ ಲೇವಿಯವರ ಲೆಕ್ಕ ತಪ್ಪುತ್ತದೆ.